ಬಿದಿರ ಬುಟ್ಟಿಯೂ ಅದನ್ನು ಹೆಣೆಯುವ ಕುಶಲಕರ್ಮಿಗಳೂ

ಬಿದಿರು ಮರವೋ ಹುಲ್ಲೋ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಶಾಲಾಬಾಲಕರಿಗೆ ಕೇಳತಕ್ಕದ್ದೆಂದು ತೋರಬಹುದು. ಸಸ್ಯಶಾಸ್ತ್ರ ಇದಕ್ಕೆ ಎಂದೋ ಉತ್ತರ ಹೇಳಿದೆ. ಭತ್ತ, ಜೋಳ, ಕಬ್ಬುಗಳಂತೆ ಬಿದಿರೂ ಹುಲ್ಲಿನ ಕುಟುಂಬಕ್ಕೇ ಸೇರಿದುದು. ಆದರೆ 1927ರ ಭಾರತೀಯ ಅರಣ್ಯ ಕಾಯಿದೆಯು ‘ಮರ’ ಎಂಬ ಪದದ ವ್ಯಾಖ್ಯೆಯೊಳಗೆ ಬಿದಿರನ್ನೂ ಸೇರಿಸಿತು. ಆ ಒಂದು ಪದದ ಭಾರವನ್ನು ಸುಮಾರು ತೊಂಬತ್ತು ವರ್ಷ ಹೊತ್ತವರಲ್ಲಿ ಬುಟ್ಟಿ ಹೆಣೆದು ಹೊಟ್ಟೆ ಹೊರೆಯುವ ಬಡ ಕುಶಲಕರ್ಮಿಗಳೂ ಸೇರಿದ್ದರು.

ಉದ್ಯೋಗನಿಮಿತ್ತ ವಡೋದರಕ್ಕೆ ಬಂದು ಮಂಜಲ್‌ಪುರದಂತಹ ಬಡಾವಣೆಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ, ಗುಜರಾತಿಯ ‘ಟೋಪಲೋ’ ಎಂದರೆ ಬುಟ್ಟಿ, ‘ಸೂಪಡು’ ಎಂದರೆ ಮೊರ ಎಂದು ತಿಳಿಯಲು ಬಹಳ ದಿನ ಬೇಕಾಗದು. ಮಾತು ಬೇರೆಯಾದರೂ ಕೆಲಸ ಒಂದೇ. ಈ ನಾಡಿನಲ್ಲಿ ಈ ಕಸುಬನ್ನು ಕುಲವೃತ್ತಿಯಾಗಿ ನಡೆಸಿಕೊಂಡು ಬಂದವರಲ್ಲಿ ವಾಂಸಫೋಡಾ ಜನರಿದ್ದಾರೆ. ಬಿದಿರನ್ನು ಸೀಳುವವರು ಎಂಬುದೇ ಆ ಹೆಸರಿನ ಅರ್ಥ. ದಕ್ಷಿಣ ಗುಜರಾತಿನ ಕಾಡಿನ ಅಂಚಿನಲ್ಲಿ ವಾಸಿಸುವ ಕೋಟವಾಲಿಯಾ ಜನರದೂ ಇದೇ ವೃತ್ತಿ. ಸರ್ಕಾರದ ಪಟ್ಟಿಯಲ್ಲಿ ವಿಟೋಲಾ, ಬರೋಡಿಯಾ ಎಂಬ ಹೆಸರುಗಳೂ ಇವರಿಗಿವೆ. ವಿಶೇಷವಾಗಿ ದುರ್ಬಲವೆಂದು ಗುರುತಿಸಲಾದ ಗುಜರಾತಿನ ಐದು ಬುಡಕಟ್ಟುಗಳಲ್ಲಿ ಇವರದೂ ಒಂದು. ಇವರ ನೆಲೆಗಳಾದ ಸೋನಗಢ, ವ್ಯಾರಾ ಪ್ರದೇಶಗಳು ಹಿಂದೆ ಬರೋಡಾ ಸಂಸ್ಥಾನಕ್ಕೇ ಸೇರಿದ್ದವು. 2007ರಿಂದ ತಾಪಿ ಜಿಲ್ಲೆಯಲ್ಲಿವೆ.

ಬುಟ್ಟಿಯ ಕೆಲಸ ಹೆಣಿಗೆಯಿಂದ ಆರಂಭವಾಗುವುದಲ್ಲ, ಬಿದಿರಿನ ಆಯ್ಕೆಯಿಂದ. ಬಿದಿರು ಒಂದೇ ಮಳೆಗಾಲದಲ್ಲಿ ತನ್ನ ಪೂರ್ಣ ಎತ್ತರಕ್ಕೆ ಬೆಳೆಯುತ್ತದೆಯಾದರೂ ಆ ವರ್ಷದ ಎಳೆಯ ಗಳ ಕೆಲಸಕ್ಕೆ ಬಾರದು. ತೀರ ಬಲಿತುದು ಬಾಗದೆ ಮುರಿಯುತ್ತದೆ. ಹದವಾದ ಹಸಿ ಬಿದಿರನ್ನು ಕಡಿದು, ಗೆಣ್ಣು ಸವರಿ, ಕತ್ತಿಯಿಂದ ಉದ್ದಕ್ಕೆ ಸೀಳಿ ದಬ್ಬೆ ಮಾಡುತ್ತಾರೆ. ಬಳಿಕ ಹೊರಸಿಪ್ಪೆಯನ್ನು ಒಳತಿರುಳಿನಿಂದ ಎಳೆಎಳೆಯಾಗಿ ಬಿಡಿಸಬೇಕು. ಹೊರಭಾಗದ ಎಳೆ ಗಟ್ಟಿ, ಒಳಭಾಗದ್ದು ಮೃದು. ಅಡಿಗೆ ದಪ್ಪ ಕಡ್ಡಿಗಳನ್ನು ಅಡ್ಡಡ್ಡಲಾಗಿ ಹೂಡಿ, ಅವುಗಳನ್ನು ಮೇಲಕ್ಕೆ ಬಗ್ಗಿಸಿ, ತೆಳುವಾದ ಎಳೆಗಳನ್ನು ಸುತ್ತ ಹೆಣೆದು, ಕೊನೆಗೆ ಅಂಚು ಕಟ್ಟುತ್ತಾರೆ. ಅಳತೆಗೆ ಕೋಲು ಬೇಕಿಲ್ಲ, ಬೆರಳೇ ಅಳತೆ. ಗಂಡಸರು, ಹೆಂಗಸರು, ಮನೆಯ ಹಿರಿಯರು ಎಲ್ಲರೂ ಇದರಲ್ಲಿ ಕೈಗೂಡಿಸುತ್ತಾರೆ.

ಇಷ್ಟೊಂದು ನೈಪುಣ್ಯವಿದ್ದೂ ಈ ಜನ ಬಡವರಾಗಿಯೇ ಉಳಿದುದೇಕೆ? ಪ್ಲಾಸ್ಟಿಕ್ ಬುಟ್ಟಿ ಬಂದುದರಿಂದ ಎಂಬುದು ಅರ್ಧ ಉತ್ತರ. ಉಳಿದರ್ಧ ಕಾಡಿನಲ್ಲಿದೆ. ಅದನ್ನು ತಿಳಿಯಲು ಕರ್ನಾಟಕದ ಅನುಭವ ನೆರವಾಗುತ್ತದೆ. ಅಲ್ಲಿ ಈ ಕಸುಬು ಮೇದಾರರದು. ಹನ್ನೆರಡನೆಯ ಶತಮಾನದ ಶರಣರಲ್ಲಿ ಮೇದಾರ ಕೇತಯ್ಯನವರು ಈ ಕಾಯಕದಿಂದಲೇ ಪೂಜ್ಯರಾದರು. 1950ರ ದಶಕದಲ್ಲಿ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾದಾಗ ಉತ್ತರ ಕನ್ನಡದ ಬಿದಿರು ಅಲ್ಪ ದರದಲ್ಲಿ ಅದಕ್ಕೆ ದೊರೆಯಿತು. ಬುಟ್ಟಿ ಹೆಣೆಯುವವರಾದರೋ ಪೇಟೆಯ ಬೆಲೆ ತೆರಬೇಕಾಯಿತು. ಕಾಡಿನ ಬಿದಿರು ಬರಿದಾಗುತ್ತಿದೆಯೆಂಬ ಅವರ ದೂರಿನ ಹಿನ್ನೆಲೆಯಲ್ಲಿ 1970ರ ದಶಕದಲ್ಲಿ ವಿಜ್ಞಾನಿ ಮಾಧವ ಗಾಡ್ಗೀಳರು ಅಧ್ಯಯನ ನಡೆಸಿದರು. ಹಿಂಡಲಿನ ಬುಡದ ಮುಳ್ಳನ್ನು ಸವರಿ ಹಾಕಿದರೆ ಬಿದಿರು ಚೆನ್ನಾಗಿ ಬೆಳೆಯುತ್ತದೆಂದು ಅರಣ್ಯಾಧಿಕಾರಿಗಳು ನಂಬಿದ್ದರು. ಆ ಮುಳ್ಳೇ ಎಳೆಯ ಕಳಲೆಗೆ ದನಗಳಿಂದ ರಕ್ಷಣೆಯೆಂದು ಹಳ್ಳಿಗರು ಹೇಳುತ್ತಿದ್ದರು. ಹಳ್ಳಿಗರ ಮಾತೇ ನಿಜವೆಂದು ಅಧ್ಯಯನದಲ್ಲಿ ಕಂಡುಬಂದಿತು. ಗುಜರಾತಿನ ಸೋನಗಢದ ಬಳಿಯೂ 1960ರ ದಶಕದಲ್ಲಿ ಬಿದಿರನ್ನು ಬಳಸುವ ಕಾಗದದ ಕಾರ್ಖಾನೆ ತಲೆಯೆತ್ತಿತು. ಕೋಟವಾಲಿಯಾ ಜನರ ನೆರೆಯಲ್ಲಿಯೇ ಒಂದು ದೊಡ್ಡ ಗಿರಾಕಿ ಬಂದು ಕುಳಿತಂತಾಯಿತು.

ಕಾನೂನು ಈಚೆಗೆ ಕೊಂಚ ಕಣ್ಣು ತೆರೆದಿದೆ. 2006ರ ಅರಣ್ಯ ಹಕ್ಕು ಕಾಯಿದೆಯು ಬಿದಿರನ್ನು ಕಿರು ಅರಣ್ಯ ಉತ್ಪನ್ನವೆಂದು ಗಣಿಸಿ, ಅದನ್ನು ಸಂಗ್ರಹಿಸುವ ಹಕ್ಕನ್ನು ಅರಣ್ಯವಾಸಿಗಳಿಗೆ ನೀಡಿತು. 2017ರ ತಿದ್ದುಪಡಿಯು ‘ಮರ’ದ ವ್ಯಾಖ್ಯೆಯಿಂದ ಬಿದಿರನ್ನು ಕೈಬಿಟ್ಟಿತು, ಅದರ ಫಲವಾಗಿ ಅರಣ್ಯದ ಹೊರಗೆ ಬೆಳೆದ ಬಿದಿರನ್ನು ಕಡಿದು ಸಾಗಿಸಲು ಆ ಕಾಯಿದೆಯ ಅಡ್ಡಿ ಉಳಿಯಲಿಲ್ಲ. ಆದರೆ ಈ ಸೌಲಭ್ಯ ಸ್ವಂತ ಭೂಮಿಯುಳ್ಳವನಿಗೆ. ಭೂಮಿಯಿಲ್ಲದ ಕುಶಲಕರ್ಮಿಗೆ ಕಾಡೇ ಗತಿ. ಅರಣ್ಯ ಹಕ್ಕು ಅವನ ಕೈಸೇರುವವರೆಗೆ ಕಾಗದದ ಮೇಲಿನ ಮಾತು ಬುಟ್ಟಿಯಾಗದು.

ಬಿದಿರ ಬುಟ್ಟಿ ಗೃಹಾರೋಗ್ಯಕ್ಕೂ ಹಿತಕರ. ಅದರ ಸಂದುಗಳಲ್ಲಿ ಗಾಳಿಯಾಡುವುದರಿಂದ ಈರುಳ್ಳಿ, ಬಟಾಟೆಗಳು ಬೆವತು ಬೇಗನೆ ಕೊಳೆಯುವುದಿಲ್ಲ. ತೊಳೆದ ಮೇಲೆ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಬೇಕು; ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಮೆಂತ್ಯವನ್ನೂ ಕಾಗದವನ್ನೂ ನೆನೆಸಿ ಅರೆದು ಮೊರಕ್ಕೆ ಬಳಿಯುತ್ತಿದ್ದ ಅಜ್ಜಿಯರ ಕ್ರಮದಿಂದ ಸಂದು ಮುಚ್ಚಿ ಕಾಳು ಸೋರುವುದು ತಪ್ಪುತ್ತಿತ್ತು, ಮೊರ ಬಹುಕಾಲ ಬಾಳುತ್ತಿತ್ತು. ಆದರೆ ಹೆಣೆಯುವವನ ಆರೋಗ್ಯದ ಗತಿಯೇನು? ದಿನವಿಡೀ ಕುಕ್ಕರಗಾಲಿನಲ್ಲಿ ಬಾಗಿ ಕುಳಿತು ಬೆನ್ನು ನೋಯುತ್ತದೆ. ಕತ್ತಿಯ ಗಾಯ, ಬೆರಳಿಗೆ ಚುಚ್ಚುವ ಸಿಬಿರು ನಿತ್ಯದ ಮಾತು. ಸಿಬಿರನ್ನು ಒಳಗೇ ಬಿಡದೆ ತೆಗೆದು ಗಾಯವನ್ನು ಸಾಬೂನು ನೀರಿನಿಂದ ತೊಳೆಯುವುದು, ಧನುರ್ವಾಯುವಿನ ಚುಚ್ಚುಮದ್ದನ್ನು ಕಾಲಕಾಲಕ್ಕೆ ಪಡೆಯುವುದು ಇವರಿಗೆ ಅತ್ಯವಶ್ಯ.

ಗೌರೀಹಬ್ಬದಲ್ಲಿ ಮೊರದ ಬಾಗಿನ ಕೊಡುವ ಸಂಪ್ರದಾಯ ಕನ್ನಡಿಗರದು. ಆ ಜೋಡಿ ಮೊರವನ್ನು ಹೆಣೆದವರ ಕೈಯಿಂದಲೇ, ಚೌಕಾಸಿ ಮಾಡದೆ ಕೊಂಡರೆ ಬಾಗಿನದ ಪುಣ್ಯದಲ್ಲಿ ಅವರಿಗೂ ಒಂದು ಪಾಲು ಸಂದಂತಾದೀತು. ಹತ್ತು ರೂಪಾಯಿ ಉಳಿತಾಯ ಕೊಳ್ಳುವವರಿಗೆ ದೊಡ್ಡದಲ್ಲ. ಕಾಡಿನಿಂದ ಗಳ ತಂದು, ಸೀಳಿ, ನೇಯ್ದು, ತಲೆಯ ಮೇಲೆ ಹೊತ್ತು ಪೇಟೆಗೆ ತಂದವರಿಗೆ ಅದು ಒಂದು ಹೊತ್ತಿನ ರೊಟ್ಟಿಯ ಹಿಟ್ಟಾದೀತು.