ಭಾಗಿಸಿದರೆ ಹೆಚ್ಚಾಗುವುದೇಕೆ?

ಔರಾದ ತಾಲ್ಲೂಕಿನ ಚಿಂತಾಕಿಯಲ್ಲಿ ಎರಡೂವರೆ ಎಕರೆ ತೊಗರಿ ಹೊಲವಿದೆ ಎಂದುಕೊಳ್ಳಿ. ಕಳೆ ತೆಗೆಯುವವರು ದಿನಕ್ಕೆ ಮುಕ್ಕಾಲು ಎಕರೆ ಮುಗಿಸುತ್ತಾರೆ. ಎಷ್ಟು ದಿನದ ಕೆಲಸ? ಎರಡೂವರೆಯನ್ನು ಮುಕ್ಕಾಲಿನಿಂದ ಭಾಗಿಸಬೇಕು. ಎರಡೂವರೆ ಎಕರೆಯಲ್ಲಿ ಕಾಲು ಎಕರೆಯ ತುಂಡುಗಳು 10. ದಿನಕ್ಕೆ ಅಂಥ 3 ತುಂಡು ಮುಗಿಯುತ್ತವೆ. ಹಾಗಾಗಿ ಉತ್ತರ 10/3, ಅಂದರೆ 3⅓ ದಿನ. ಭಾಗಿಸಿದರೆ ಸಂಖ್ಯೆ ಚಿಕ್ಕದಾಗಬೇಕಲ್ಲವೇ ಎಂದು ಮಕ್ಕಳು ಕೇಳುವುದು ಸಹಜ. ಆದರೆ ಭಾಗಾಕಾರ ಕೇಳುವುದು ‘ಇದರಲ್ಲಿ ಅದು ಎಷ್ಟು ಸಲ ಇದೆ’ ಎಂದು. ಅಳೆಯುವ ತುಂಡು ಒಂದಕ್ಕಿಂತ ಚಿಕ್ಕದಾದರೆ ಸಲಗಳು ಹೆಚ್ಚಲೇಬೇಕು.

ಗುಂಟೆಗೆ ಇಳಿಸಿದರೆ ಭಿನ್ನರಾಶಿಯ ಗೊಡವೆಯೇ ಇಲ್ಲವಲ್ಲ ಎನ್ನಬಹುದು. ಎಕರೆಗೆ 40 ಗುಂಟೆ. 100 ಗುಂಟೆಯನ್ನು 30ರಿಂದ ಭಾಗಿಸಿದರೂ ಅದೇ 3⅓. ಛೇದ ಸಮ ಮಾಡುವುದೆಂದರೆ ಇದೇ. ಮೂರು ದಿನಕ್ಕೆ 90 ಗುಂಟೆ ಮುಗಿದು 10 ಗುಂಟೆ ಉಳಿಯುತ್ತದೆ. ಅದು ಕಾಲು ಎಕರೆ ಹೊಲ, ದಿನದ ಮೂರನೇ ಒಂದು ಭಾಗದ ಕೆಲಸ. ಇದೇ ಉತ್ತರ ಕೊಡುವ, ಭಾಜಕವನ್ನು ತಲೆಕೆಳಗು ಮಾಡಿ ಗುಣಿಸುವ ಸೂತ್ರವನ್ನು 9ನೇ ಶತಮಾನದಲ್ಲೇ, ಮಳಖೇಡದಿಂದ ಆಳಿದ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು ‘ಗಣಿತಸಾರ ಸಂಗ್ರಹ’ದಲ್ಲಿ ಹೇಳಿದ್ದಾರೆ. ಆ ಸೂತ್ರವನ್ನು ಬಾಯಿಪಾಠ ಮಾಡಿಸುವ ಮೊದಲು ಮಕ್ಕಳಿಂದ ಒಂದು ಹೊಲದ ಲೆಕ್ಕ ಮಾಡಿಸಿ.