ಬೆಕ್ಕಿಗೆ ಲಂಘನ ಮದ್ದಲ್ಲ

ಚೆನ್ನೈನ ಕೀಲ್ಪಾಕ್‌ನಿಂದ ಓದುಗರೊಬ್ಬರು ಕೇಳಿದ್ದಾರೆ: ಮನೆಯ ದಪ್ಪ ಬೆಕ್ಕು ವಾಂತಿ ಮಾಡಿಕೊಂಡಿತು, ಮೂರು ದಿನದಿಂದ ಏನನ್ನೂ ಮುಟ್ಟಿಲ್ಲ, ಹೊಟ್ಟೆ ಸರಿಹೋಗುವ ತನಕ ಉಪವಾಸ ಇರಲೆಂದು ಬಿಡಬಹುದೇ? ಖಂಡಿತ ಬಿಡಬೇಡಿ. ಹೊಟ್ಟೆ ಕೆಟ್ಟಾಗ ಲಂಘನ ಮಾಡುವ ನಮ್ಮ ರೂಢಿ ಬೆಕ್ಕಿನ ಪ್ರಾಣಕ್ಕೇ ಎರವಾದೀತು.

ಪ್ರೋಟೀನ್ ಕಡಿಮೆ ಸಿಕ್ಕಾಗ ಇಲಿಯ ಯಕೃತ್ತು ಅದನ್ನು ಒಡೆಯುವ ಕಿಣ್ವಗಳನ್ನು ತಗ್ಗಿಸಿಕೊಳ್ಳುತ್ತದೆ. ಬೆಕ್ಕಿನದು ಹಾಗೆ ತಗ್ಗಿಸಿಕೊಳ್ಳುವುದಿಲ್ಲ ಎಂದು ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಕ್ವಿಂಟನ್ ರೋಜರ್ಸ್, ಜೇಮ್ಸ್ ಮಾರಿಸ್ ಮತ್ತು ಸಂಗಡಿಗರು 1977ರಲ್ಲಿ ತೋರಿಸಿದರು. ಮರುವರ್ಷ ಮಾರಿಸ್ ಮತ್ತು ರೋಜರ್ಸ್ ಪ್ರಕಟಿಸಿದ ಪ್ರಯೋಗ ಓದಿದರೆ ಇಂದಿಗೂ ಎದೆ ಝಲ್ಲೆನ್ನುತ್ತದೆ. ಒಂದು ರಾತ್ರಿ ಹಸಿದಿದ್ದ ಬೆಕ್ಕುಗಳಿಗೆ ಅರ್ಜಿನೈನ್ ಎಂಬ ಒಂದೇ ಅಮೈನೋ ಆಮ್ಲವಿಲ್ಲದ ಊಟ ಕೊಟ್ಟರು, ಅದೂ ಒಂದೇ ಹೊತ್ತು. ಎರಡರಿಂದ ಐದು ಗಂಟೆಯೊಳಗೆ ರಕ್ತದಲ್ಲಿ ಅಮೋನಿಯ ಏರಿ ವಿಷಬಾಧೆ ಕಾಣಿಸಿತು. ಅಮೋನಿಯವನ್ನು ಯೂರಿಯವಾಗಿಸುವ ಚಕ್ರ ತಿರುಗಲು ಅರ್ಜಿನೈನ್ ಬೇಕು; ಬೆಕ್ಕಿಗೆ ಅದು ಆಹಾರದಿಂದಲೇ ಬರಬೇಕು. ಅಪ್ಪಟ ಮಾಂಸಾಹಾರಿಯ ಯಕೃತ್ತು ಎಷ್ಟು ನಾಜೂಕು ನೋಡಿ!

ಊಟ ನಿಂತಾಗ ಮೈಯ ಕೊಬ್ಬು ಕರಗಿ ಯಕೃತ್ತಿಗೆ ನುಗ್ಗುತ್ತದೆ. ಕೋಯಂಬೇಡು ಮಾರುಕಟ್ಟೆಗೆ ರಾತ್ರಿಯಿಡೀ ತರಕಾರಿ ಲಾರಿಗಳು ಬಂದು, ಬೆಳಿಗ್ಗೆ ಹೊರಗೆ ಸಾಗಿಸುವ ಗಾಡಿಗಳೇ ಇಲ್ಲದಿದ್ದರೆ ಏನಾದೀತು? ಕೊಬ್ಬನ್ನು ಹೊರಗೆ ಸಾಗಿಸುವ ಗಾಡಿ ಪ್ರೋಟೀನ್; ಹಸಿದ ಬೆಕ್ಕಿಗೆ ಅದಕ್ಕೇ ಬರ. ಯಕೃತ್ತು ಕೊಬ್ಬಿನಿಂದ ಊದಿಕೊಂಡು, ಒಸಡು, ಕಿವಿಯ ಒಳಭಾಗ ಹಳದಿಯಾಗುತ್ತವೆ. ಸ್ಥೂಲ ಬೆಕ್ಕುಗಳಲ್ಲಿ ಕೆಲವೇ ದಿನಗಳ ಉಪವಾಸ ಇಷ್ಟಕ್ಕೆ ಸಾಕು.

ಚಿಕಿತ್ಸೆಯ ತಿರುಳು ಊಟವೇ. ಮೂಗಿನಿಂದಲೋ ಕುತ್ತಿಗೆಯ ಪಕ್ಕದಿಂದಲೋ ಅನ್ನನಾಳಕ್ಕೆ ಕೊಳವೆ ಇಳಿಸಿ, ಪ್ರೋಟೀನ್ ಹೆಚ್ಚಿರುವ ಆಹಾರವನ್ನು ಸ್ವಲ್ಪಸ್ವಲ್ಪವಾಗಿ ವಾರಗಟ್ಟಲೆ ಕೊಡುತ್ತಾರೆ. ಒಮ್ಮೆಲೇ ತುಂಬಿದರೆ ರಕ್ತದ ಪೊಟ್ಯಾಸಿಯಂ, ಫಾಸ್ಫೇಟ್ ಕುಸಿದು ಅಪಾಯ. ಕೊಳವೆ ಕಂಡು ಹೆದರಬೇಡಿ, ಎಷ್ಟೋ ಬೆಕ್ಕುಗಳು ಅದರಿಂದಲೇ ಬದುಕಿವೆ. ವಾಂತಿಯ ಮೂಲ ಕಾರಣ, ಅದು ಮೇದೋಜೀರಕ ಗ್ರಂಥಿಯದಿರಲಿ ಕರುಳಿನದಿರಲಿ, ಅದನ್ನೂ ಹುಡುಕಲೇಬೇಕು. 'ಲಿವರ್ ಟಾನಿಕ್' ಹೆಸರಿನ ಬಾಟಲಿಗಳನ್ನು ನಂಬಿ ದಿನ ಕಳೆಯುವುದು ನನಗೆ ಒಪ್ಪಿಗೆಯಿಲ್ಲ. ಪ್ಯಾರಾಸಿಟಮಾಲ್ ಅಂತೂ ಕೊಡಲೇಬೇಡಿ, ಬೆಕ್ಕಿಗೆ ಅದು ವಿಷ.

1903ರಲ್ಲಿ ಶುರುವಾದ ಮದ್ರಾಸ್ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಕೀಲ್ಪಾಕ್‌ಗೆ ಹತ್ತಿರದ ವೇಪೇರಿಯಲ್ಲೇ ಇದೆ. ಬೆಂಗಳೂರಿನವರಿಗೆ ಹೆಬ್ಬಾಳದ ಕಾಲೇಜಿದೆ. ಬೆಕ್ಕು ಒಂದು ಇಡೀ ದಿನ ಊಟ ಬಿಟ್ಟರೆ ಮರುದಿನಕ್ಕೆ ಕಾಯದೆ ವೈದ್ಯರಿಗೆ ತೋರಿಸಿ.