ಕಾಣದಿರುವ ಪಿಶಾಚಿಯ ಭಯ

ಮೇಜಿನ ಸುತ್ತ ಐದಾರು ಮಂದಿ. ಮುಂದೆ ಕಾಗದ, ಪೆನ್ಸಿಲ್, ಇಪ್ಪತ್ತು ಮುಖದ ದಾಳ. ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ಕಥೆಯೊಳಗಿನ ವೀರರಾಗಿ ತಮ್ಮ ಮುಂದಿನ ಹೆಜ್ಜೆಯನ್ನು ಹೇಳುತ್ತಾರೆ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಹಾಗೂ ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ಸ್ವರೂಪವಿದು. ವೇಷವಿಲ್ಲ, ರಂಗಸಜ್ಜಿಕೆಯಿಲ್ಲ. ಬರಿಯ ಮಾತಿನಿಂದ ಆಟಗಾರರಲ್ಲಿ ಭಯ ಹುಟ್ಟಿಸುವುದು ಹೇಗೆ?

1977ರಲ್ಲಿ ಬಂದ ‘ಮಾನ್‌ಸ್ಟರ್ ಮ್ಯಾನ್ಯುಯಲ್’ ಎಂಬ ಪುಸ್ತಕ ನೂರಾರು ವಿಕಾರಜೀವಿಗಳ ಬಲಾಬಲವನ್ನು ಅಂಕಿಗಳಲ್ಲಿ ಕೊಟ್ಟಿತು. ಕಥೆ ನಡೆಸುವವನಿಗೆ ಇದರಿಂದ ಅನುಕೂಲವಾಯಿತು. ಆದರೆ ತೊಡಕೂ ಇಲ್ಲಿಯೇ ಇತ್ತು. ಎಷ್ಟು ಪೆಟ್ಟು ಬಿದ್ದರೆ ಪಿಶಾಚಿ ಸಾಯುತ್ತದೆಂದು ಗೊತ್ತಾದೊಡನೆ ಹೋರಾಟ ಕೂಡಿ ಕಳೆಯುವ ಲೆಕ್ಕವಾಗುತ್ತದೆ.

ಈ ತೊಡಕನ್ನು ಚೆನ್ನಾಗಿ ಬಿಡಿಸಿದವರು ಟ್ರೇಸಿ ಮತ್ತು ಲಾರಾ ಹಿಕ್‌ಮನ್ ದಂಪತಿಗಳು. ಆಟವೊಂದರಲ್ಲಿ ರಕ್ತ ಹೀರುವ ಪಿಶಾಚಿಯೊಂದು ಸಂಬಂಧವೇ ಇಲ್ಲದೆ ಎದುರಾದಾಗ ‘ಇದಕ್ಕೆ ಇಲ್ಲೇನು ಕೆಲಸ?’ ಎಂಬ ಪ್ರಶ್ನೆ ಟ್ರೇಸಿಯನ್ನು ಕಾಡಿತಂತೆ. ಅದರ ಫಲವೇ 1983ರಲ್ಲಿ ಪ್ರಕಟವಾದ ‘ರೇವನ್‌ಲಾಫ್ಟ್’ ಎಂಬ ಸಾಹಸಕಥೆ. ಅದರ ಖಳನಾಯಕ ಸ್ಟ್ರಾಡ್, ತಮ್ಮ ವರಿಸಬೇಕಿದ್ದ ಹೆಣ್ಣನ್ನು ಬಯಸಿ ತಮ್ಮನನ್ನೇ ಕೊಂದವನು. ಅವನಿಗೊಂದು ಹಿಂದಿನ ಕಥೆಯಿದೆ, ತೀರದ ಆಸೆಯಿದೆ.

ಅವನು ಕೋಟೆಯಲ್ಲಿ ಎಲ್ಲಿ ಅಡಗಿದ್ದಾನೆ, ಅವನ ಉದ್ದೇಶವೇನು, ಅವನನ್ನು ಮಣಿಸಬಲ್ಲ ಖಡ್ಗ ಎಲ್ಲಿದೆ ಎಂಬುದನ್ನು ಕಣಿ ಹೇಳುವವಳ ಎಲೆಗಳು ನಿರ್ಧರಿಸುತ್ತವೆ. ಹೀಗಾಗಿ ಮೊದಲೇ ಆಡಿದವನಿಗೂ ಗುಟ್ಟು ಗೊತ್ತಿರುವುದಿಲ್ಲ. ಸ್ಟ್ರಾಡ್ ಕೋಣೆಯಲ್ಲಿ ಕಾದು ಕೂರುವವನೂ ಅಲ್ಲ. ತಾನಾಗಿ ಬಂದು ಎರಗುತ್ತಾನೆ, ಸೋಲುವ ಸೂಚನೆ ಕಂಡರೆ ಮರೆಯಾಗುತ್ತಾನೆ.

ಇದೇ ಜಾಡಿನಲ್ಲಿ, ನುರಿತವರು ಪಿಶಾಚಿಗಿಂತ ಮೊದಲು ಅದರ ಗುರುತುಗಳನ್ನು ತೋರಿಸುತ್ತಾರೆ: ಆರದ ಒಲೆಯಿದ್ದೂ ಜನರಿಲ್ಲದ ಮನೆ, ಸೇತುವೆ ದಾಟಲೊಪ್ಪದ ಕುದುರೆ. ಹೆಸರನ್ನು ಹೇಳದೆ ವಾಸನೆ, ಸದ್ದುಗಳನ್ನಷ್ಟೇ ವರ್ಣಿಸುತ್ತಾರೆ. ತಿಂಗಳುಗಟ್ಟಲೆ ಆಡಿ ಬೆಳೆಸಿದ ಪಾತ್ರ ಒಂದು ದಾಳಕ್ಕೆ ಸತ್ತುಹೋಗಬಹುದಾದ್ದರಿಂದ ಆಟಗಾರರಿಗೆ ಪ್ರತಿ ಸುಳಿವೂ ಮುಖ್ಯ.

ಆದರೆ ಸುಳಿವು ನಿಜವಾಗಿರಬೇಕು, ಪಾರಾಗುವ ದಾರಿಯೂ ಇರಬೇಕು. ಏನು ಮಾಡಿದರೂ ಸಾವೇ ಎಂದಾದಲ್ಲಿ ಆಟಗಾರ ಯೋಚಿಸುವುದನ್ನು ಬಿಡುತ್ತಾನೆ, ಹೆದರುವುದನ್ನೂ ಬಿಡುತ್ತಾನೆ. ಬಾಗಿಲು ತೆರೆಯುವುದೋ ಹಿಂದಿರುಗುವುದೋ ಎಂಬ ಆಯ್ಕೆ ಅವನ ಕೈಯಲ್ಲಿರುವಷ್ಟು ಹೊತ್ತೂ ಎದೆ ಹೊಡೆದುಕೊಳ್ಳುತ್ತಿರುತ್ತದೆ.